ಕೆಂಗಣ್ಣಿನ ಕಾಲದಲ್ಲಿ ಕಚೇರಿ

ಕೆಲವರಿಗೆ ಸಿಹಿ ಕಂಡರೆ ಕೈ ತಡೆಯುವುದಿಲ್ಲ, ಕೆಲವರಿಗೆ ಇಸ್ಪೀಟು ಕಂಡರೆ. ನನಗೆ ಬಿಳಿ ಹಾಳೆ ಕಂಡರೆ ಸಾಕು, ಅದರ ಮೇಲೆ ಒಂದು, ಎರಡು, ಮೂರು ಎಂದು ನಂಬರು ಹಾಕಿ ನಿಯಮ ಬರೆಯಬೇಕೆನಿಸುತ್ತದೆ. ಇದೊಂದು ಕಾಯಿಲೆಯೆಂದು ನನ್ನ ಹೆಂಡತಿ ಕಮಲ ಮದುವೆಯಾದ ಮೊದಲ ವರ್ಷವೇ ಕಂಡುಹಿಡಿದಳು. ಬಚ್ಚಲುಮನೆಯ ಬಾಗಿಲಿಗೆ ನಾನು 'ಬಿಸಿನೀರು ಬಳಸುವವರಿಗೆ ಸೂಚನೆಗಳು' ಎಂದು ಏಳು ಅಂಶಗಳನ್ನು ಬರೆದು ಅಂಟಿಸಿದ್ದೆ. ಆಗ ಮನೆಯಲ್ಲಿ ಇದ್ದವರು ನಾವಿಬ್ಬರೇ. ಅವಳು ಏಳನ್ನೂ ಸಾವಧಾನವಾಗಿ ಓದಿ, ಕೆಳಗೆ ಎಂಟನೆಯದಾಗಿ 'ಸ್ನಾನ ಬೇಗ ಮುಗಿಸಿ ಹೊರಗೆ ಬರತಕ್ಕದ್ದು, ಉಪ್ಪಿಟ್ಟು ಆರುತ್ತದೆ' ಎಂದು ಸೇರಿಸಿದ್ದಳು. ಅಷ್ಟಕ್ಕೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಹಾಗೆ ಬಂದಿದ್ದರೆ ಈಗ ಹೇಳಹೊರಟಿರುವುದು ನಡೆಯುತ್ತಲೇ ಇರಲಿಲ್ಲ.

ಕಾಶಿಗೆ ನಾನು ಪುಣ್ಯಕ್ಕೆ ಬಂದವನಲ್ಲ, ನೌಕರಿಗೆ ಬಂದವನು. ಮೈಸೂರಿನಿಂದ ಬಂದು ಹದಿಮೂರು ವರ್ಷವಾಗಿತ್ತು. ವಿಶ್ವವಿದ್ಯಾಲಯದ್ದೊಂದು ಪುಟ್ಟ ಶಾಖೆ ಕೇದಾರ ಘಾಟಿನ ಹಿಂದಿನ ಗಲ್ಲಿಯ ಹಳೆಯ ಮನೆಯಲ್ಲಿತ್ತು. ಊರಿನ ಮನೆತನಗಳಲ್ಲಿ ಉಳಿದಿದ್ದ ಹಳೆಯ ಹಸ್ತಪ್ರತಿಗಳನ್ನು ಎರವಲು ತಂದು, ನಕಲು ಮಾಡಿ, ಮೂಲವನ್ನು ಹಿಂದಿರುಗಿಸುವುದು ನಮ್ಮ ಕೆಲಸ. ಅದಕ್ಕೆ ನಾನು ಮುಖ್ಯಸ್ಥ. ಮುಖ್ಯಸ್ಥ ಎಂದೊಡನೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ನನ್ನನ್ನೂ ಸೇರಿಸಿದರೆ ನಾಲ್ಕು ಜನ. ನಕಲು ಬರೆಯುವವರು ಮಿಶ್ರಾಜಿ, ಅರವತ್ತು ಸಮೀಪಿಸಿದ, ಗುಬ್ಬಚ್ಚಿಯಂಥ ಮನುಷ್ಯ. ಟೈಪು ಮಾಡುವವರು ಶಕುಂತಲಾ ಬೆಹನ್‌ಜಿ, ಬಾಯಿಗೂ ಬೆರಳಿಗೂ ಒಂದೇ ವೇಗ. ಚಪರಾಸಿ ರಾಮಧನಿ, ಇಪ್ಪತ್ತು ವರ್ಷದಿಂದ ಎಲ್ಲರ ಮಾತಿಗೂ 'ಜೀ ಹುಜೂರ್' ಎಂದವನು. ಇವರೆಲ್ಲ ಆಡುವುದು ಹಿಂದಿ, ರಾಮಧನಿಯದು ಭೋಜಪುರಿ. ನಿಮಗಾಗಿ ಕನ್ನಡದಲ್ಲೇ ಹೇಳುತ್ತೇನೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಊರಿಗೆ ಊರೇ ಕಣ್ಣುಬೇನೆಗೆ ಸಿಕ್ಕಿತು. ಮೊದಲ ದಿನ ಹಾಲಿನವನು ಬಂದು 'ಬಾಬೂಜಿ, ಆಂಖ್ ಆ ಗಯೀ' ಎಂದಾಗ ನಾನು, ಅಷ್ಟು ವರ್ಷ ಹಿಂದಿಯಲ್ಲಿ ಬದುಕಿದವನು, 'ಕಣ್ಣು ಬಂತೇ? ಬಹಳ ಸಂತೋಷ' ಎಂದುಬಿಟ್ಟೆ. ಅವನು ಕೆಂಡದಂಥ ಎರಡು ಕಣ್ಣುಗಳಿಂದ ನನ್ನನ್ನು ನೋಡಿ, ಹಾಲಿಗೆ ಇನ್ನಷ್ಟು ನೀರು ಬೆರೆಸಬೇಕೆಂದು ಅಲ್ಲೇ ತೀರ್ಮಾನಿಸಿದಂತೆ ಕಂಡಿತು. ವಾರದೊಳಗೆ ಕಾಶಿಯಲ್ಲಿ ಕೆಂಪಾಗದ ಕಣ್ಣು ಹುಡುಕಬೇಕಾಯಿತು. ಕೆಂಪಾದವರನ್ನು ನೋಡಿದರೇ ಬೇನೆ ಅಂಟುತ್ತದೆ ಎಂದು ಊರೆಲ್ಲ ನಂಬಿತ್ತು. ಆದ್ದರಿಂದ ಬೇನೆ ಬಂದವರೂ ಕಪ್ಪು ಕನ್ನಡಕ, ಬಾರದವರೂ ಕಪ್ಪು ಕನ್ನಡಕ. ದಶಾಶ್ವಮೇಧದ ಪಂಡಾಗಳು ಕೊಡೆಯ ಕೆಳಗೆ ಕಪ್ಪು ಕನ್ನಡಕ ಹಾಕಿಕೊಂಡು ಸಂಕಲ್ಪ ಹೇಳಿಸುತ್ತಿದ್ದರು. ತುಮಕೂರು ಕಡೆಯಿಂದ ಬಂದಿದ್ದ ಯಾತ್ರಿಕರ ಗುಂಪೊಂದು ಇದು ಕ್ಷೇತ್ರದ ಪದ್ಧತಿಯೇ ಇರಬೇಕೆಂದುಕೊಂಡು, ತಾವೂ ಒಂದೊಂದು ಕೊಂಡು, ಕನ್ನಡಕದ ಸಮೇತ ಗಂಗೆಯಲ್ಲಿ ಮುಳುಗಿ ಎದ್ದದ್ದನ್ನು ನಾನೇ ಕಂಡಿದ್ದೇನೆ. ಅವರಲ್ಲಿ ಒಬ್ಬಾಕೆ, 'ಯಾಕಪ್ಪ, ನಿಂದೆಲ್ಲಿ?' ಎಂದು ನನ್ನನ್ನೇ ಗದರಿದರು.

ನಮ್ಮ ಮುಖ್ಯ ಕಟ್ಟಡದಲ್ಲಿ ಅರ್ಧಕ್ಕರ್ಧ ಜನ ಮಲಗಿದ ಮೇಲೆ ಎಲ್ಲ ಶಾಖೆಗಳನ್ನೂ ಮುಚ್ಚಲು ಹುಕುಂ ಬಂತು. ನಾವೂ ಬೀಗ ಹಾಕಿದೆವು. ಮೂರು ವಾರದ ಮೇಲೆ ಇನ್ನೊಂದು ಕಾಗದ ಬಂತು. 'ನೌಕರರ ಕ್ಷೇಮಕ್ಕೆ ಅವಶ್ಯವಾದ ಸಮಸ್ತ ಮುನ್ನೆಚ್ಚರಿಕೆಗಳನ್ನು ಕೈಗೊಂಡು ಸೋಮವಾರದಿಂದ ಕಚೇರಿಯನ್ನು ತೆರೆಯತಕ್ಕದ್ದು. ಮುಖ್ಯಸ್ಥರೇ ಹೊಣೆ.' ಯಾವ ಮುನ್ನೆಚ್ಚರಿಕೆ ಎಂದು ಒಂದಕ್ಷರವಿಲ್ಲ. ಬೇನೆ ಊರಲ್ಲಿ ಇನ್ನೂ ಇತ್ತು. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನಾನು ಕಮಲಳನ್ನು ಕೇಳಿದ್ದು ಒಂದೇ: 'ಮನೆಯಲ್ಲಿ ಬಿಳಿ ಹಾಳೆ ಇದೆಯಾ?'

ಆ ಭಾನುವಾರ ಬೆಳಿಗ್ಗೆ ಮಿಶ್ರಾಜಿಯ ಹೆಂಡತಿ ನಮ್ಮ ಮನೆಗೆ ಬಂದರು. ಅದುವರೆಗೆ ಅವರು ನಮ್ಮ ಹೊಸ್ತಿಲು ತುಳಿದವರಲ್ಲ. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು, ಕಮಲ ಕೊಟ್ಟ ಕಾಫಿಯನ್ನು ಮುಟ್ಟದೆ, ಬಾಗಿಲ ಬಳಿಯೇ ಕುಳಿತು ಹೇಳಿದರು: 'ಭಯ್ಯಾ, ಇಡೀ ಬನಾರಸ್ಸಿನಲ್ಲಿ ಎಲ್ಲರಿಗೂ ಎರಡೆರಡಿವೆ. ನಮ್ಮ ಮನೆಯಲ್ಲಿ ಒಂದೇ.' ಮಿಶ್ರಾಜಿಗೆ ಬಾಲ್ಯದಲ್ಲಿ ಸಿಡುಬು ಬಂದು ಎಡಗಣ್ಣು ಹೋಗಿತ್ತು. ಇರುವ ಒಂದು ಕಣ್ಣಿನಲ್ಲೇ ಅವರು ನಲವತ್ತು ವರ್ಷ ಬರೆದಿದ್ದರು, ಮುತ್ತು ಪೋಣಿಸಿದ ಹಾಗೆ. ಆ ಕಣ್ಣಿಗೆ ಏನಾದರೂ ಆದರೆ? 'ಅವರು ಬರುವುದೇ ಬೇಡ, ರಜೆ ಕೊಡುತ್ತೇನೆ' ಎಂದೆ. ಆಕೆ ತಲೆಯಾಡಿಸಿದರು. 'ಹೇಳಿ ನೋಡಿದೆ. ಕೇಳುವುದಿಲ್ಲ. ಕುದುರೆಯ ಪುಸ್ತಕ ಇದೆಯಂತಲ್ಲ, ಅದನ್ನು ಮುಗಿಸಲೇಬೇಕಂತೆ.'

ಕುದುರೆಯ ಪುಸ್ತಕ ಅಂದರೆ ರಾಮನಗರದ ಹಳೆಯ ಅಶ್ವವೈದ್ಯರ ಮನೆತನವೊಂದು ನಮಗೆ ಕೊಟ್ಟಿದ್ದ ಸಂಸ್ಕೃತದ ಗ್ರಂಥ. ಕುದುರೆಗಳಿಗೆ ಬರುವ ರೋಗಗಳು, ಅವುಗಳ ಚಿಕಿತ್ಸೆ. ಹುಳು ತಿಂದ ಅಂಚು, ಹಳೆಯ ಕಾಲದ ಅಕ್ಷರ. ಅದನ್ನು ಸಲೀಸಾಗಿ ಓದಬಲ್ಲವರು ನಮ್ಮಲ್ಲಿ ಮಿಶ್ರಾಜಿ ಒಬ್ಬರೇ. ನವರಾತ್ರಿಯ ನವಮಿಯ ದಿನ ಆ ಗ್ರಂಥ ಅವರ ಮನೆಯ ಪೂಜೆಯಲ್ಲಿ ಇರಲೇಬೇಕೆಂಬುದು ಷರತ್ತು. ಒಮ್ಮೆ ಹೋದರೆ ಮತ್ತೆ ಕೊಡುವುದಿಲ್ಲ ಎಂದೂ ಹೇಳಿದ್ದರು. ಮುಕ್ಕಾಲು ಬರೆದಾಗಿತ್ತು. ಕಾಲು ಉಳಿದಿತ್ತು. ನಕಲು ಮಾಡುವವನಿಗೆ ಮುಕ್ಕಾಲು ಗ್ರಂಥ ಎಂದರೆ ಏನೆಂದು ಬೇರೆಯವರಿಗೆ ತಿಳಿಯುವುದು ಕಷ್ಟ. ಉಣ್ಣುತ್ತಿದ್ದವನು ಅರ್ಧ ಊಟದಲ್ಲಿ ಎದ್ದ ಹಾಗೆ ಅಂತಲೂ ಅಲ್ಲ. ಬಡಿಸುತ್ತಿದ್ದವಳು ಅರ್ಧ ಪಂಕ್ತಿಯಲ್ಲಿ ನಿಂತುಬಿಟ್ಟ ಹಾಗೆ. 'ಅಮ್ಮಾ, ಹೊಣೆ ನನ್ನದು' ಎಂದು ನಾನು ಆಕೆಗೆ ಮಾತು ಕೊಟ್ಟೆ. ಆಮೇಲೆ ಆಕೆ ಕಾಫಿ ಕುಡಿದರು.

ಅಂದು ಸಂಜೆಯೊಳಗೆ ಹದಿನಾಲ್ಕು ನಿಯಮಗಳು ಸಿದ್ಧವಾದವು. ಯಾರೂ ಯಾರ ಕಣ್ಣನ್ನೂ ನೇರವಾಗಿ ನೋಡಕೂಡದು. ಮಾತಾಡುವಾಗ ಎದುರಿನವರ ಕಿವಿಯನ್ನು ನೋಡಬೇಕು. ಇಬ್ಬರು ಎದುರು ಬದುರಾದರೆ ವಯಸ್ಸಿನಲ್ಲಿ ಚಿಕ್ಕವರು ಗೋಡೆಯ ಕಡೆಗೆ ತಿರುಗಬೇಕು. ಎಲ್ಲರೂ ಸದಾ ಕಪ್ಪು ಕನ್ನಡಕ ಧರಿಸಿರಬೇಕು. ಹೀಗೆ ಸಾಗಿ, ಹನ್ನೊಂದನೆಯದಾಗಿ, ಒಳಗೆ ಬರುವ ಮೊದಲು ಕೈ ತೊಳೆದುಕೊಳ್ಳಬೇಕು ಎಂಬುದೂ ಇತ್ತು. ಅದನ್ನು ಬರೆದದ್ದು ಸಂಖ್ಯೆ ತುಂಬಲಿ ಎಂದು. ನಾಲ್ಕು ಕಪ್ಪು ಕನ್ನಡಕಗಳನ್ನು ನಾನೇ ಆರಿಸಿ ತಂದೆ. ನೌಕರರ ಕ್ಷೇಮ ಎಂದ ಮೇಲೆ ತೀರಾ ತೆಳು ಬಣ್ಣದ್ದು ತಂದರೆ ಚೆನ್ನಾಗಿರುವುದಿಲ್ಲವೆಂದು ಅಂಗಡಿಯಲ್ಲಿದ್ದುದರಲ್ಲೇ ಅತ್ಯಂತ ಕಪ್ಪಗಿದ್ದುದನ್ನು ತಂದೆ. ಎಲ್ಲರ ಬಳಕೆಗೆಂದು ಒಂದು ಹೊಸ ಬಿಳಿ ಟವೆಲನ್ನು ಕಮಲಳ ಕೈಲಿ ಒಗೆಸಿ, ಮಡಿಸಿ ತೆಗೆದುಕೊಂಡು ಹೋದೆ.

ಸೋಮವಾರ ಕಚೇರಿ ತೆರೆಯಿತು. ನಮ್ಮ ಕೋಣೆಗೆ ಗಲ್ಲಿಯ ಕಡೆ ಒಂದೇ ಕಿಟಕಿ, ಅದರ ಆಚೆ ದೊಡ್ಡ ಬೇವಿನ ಮರ. ಒಳಗೆ ನಲವತ್ತರ ಬಲ್ಬು, ಅದೂ ಮನಸ್ಸಿದ್ದರೆ ಉರಿಯುವುದು. ಆ ಬೆಳಕಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತ ನಮಗೆ ನಾವು ಇದ್ದೇವೆಂದು ತಿಳಿಯುತ್ತಿದ್ದದ್ದು ಸೀನು ಬಂದಾಗ ಮಾತ್ರ. ರಾಮಧನಿ ಚಹಾದ ಗ್ಲಾಸನ್ನು ಮಿಶ್ರಾಜಿಯ ಶಾಯಿಯ ಪಕ್ಕದಲ್ಲಿಟ್ಟು ಹೋದ. ಮಿಶ್ರಾಜಿ ಲೇಖನಿಯನ್ನು ಚಹಾದಲ್ಲಿ ಅದ್ದಿ ಒಂದಿಡೀ ಶ್ಲೋಕ ಬರೆದರು. 'ಬಣ್ಣ ಪರವಾಗಿಲ್ಲ ರಾವ್ ಸಾಹಬ್, ಆದರೆ ಇರುವೆ ಬರುತ್ತಿದೆ' ಎಂದರು. ಶಕುಂತಲಾ ಬೆಹನ್‌ಜಿ ನನ್ನ ನಿಯಮಗಳನ್ನು ಟೈಪು ಮಾಡಿ ಬಾಗಿಲಿಗೆ ಅಂಟಿಸಿದರು. ಮೆಚ್ಚುಗೆ ಕೇಳೋಣವೆಂದು ನಾನು ಅಲ್ಲೇ ಸುಳಿದಾಡುತ್ತಿದ್ದೆ. ಗಲ್ಲಿಯಲ್ಲಿ ಹೋಗುವವರು ನಿಂತು ಓದಿ, ಹನ್ನೊಂದನೆಯದಕ್ಕೆ ಬಂದಾಗ ಬಿದ್ದು ಬಿದ್ದು ನಗುತ್ತಿದ್ದರು. ಕನ್ನಡಕ ತೆಗೆದು ಓದಿದೆ. 'ಹಾಥ್ ಧೋಕರ್' ಎನ್ನುವಲ್ಲಿ ಒಂದು ದೀರ್ಘ ಹೆಚ್ಚಾಗಿ 'ಹಾಥೀ ಧೋಕರ್' ಆಗಿತ್ತು. ಅಂದರೆ, ನಮ್ಮ ಕಚೇರಿಗೆ ಬರುವವರು ಆನೆಯನ್ನು ತೊಳೆದೇ ಬರತಕ್ಕದ್ದು. 'ಈ ಕತ್ತಲಲ್ಲಿ ನನಗೆ ಕೀಲಿಗಳು ಕಂಡದ್ದೇ ಹೆಚ್ಚು' ಎಂದು ಬೆಹನ್‌ಜಿ ನನ್ನ ಕಿವಿಯನ್ನು ನೋಡುತ್ತ ಹೇಳಿದರು.

ಇಷ್ಟರ ನಡುವೆ ಅಂಚೆಯವನು ಬಂದಿದ್ದ. ಅವನ ಕಣ್ಣಿನಿಂದ ಧಾರಾಕಾರ ನೀರು. ನನಗೆ ಕರುಣೆ ಬಂದು, ಅವನ ಕಿವಿಯನ್ನೇ ನೋಡುತ್ತ, ಹೊಸ ಬಿಳಿ ಟವೆಲನ್ನು ಕೊಟ್ಟೆ. ಅವನು ಕಣ್ಣೊರೆಸಿಕೊಂಡು, ಆಶೀರ್ವಾದ ಮಾಡಿ, ಮೊದಲಿದ್ದ ಮೊಳೆಗೇ ನೀಟಾಗಿ ನೇತುಹಾಕಿ ಹೋದ.

ನನ್ನ ಏರ್ಪಾಡುಗಳನ್ನು ಬಲ್ಲವರೊಬ್ಬರು ನೋಡಿ ಹೊಗಳಲಿ ಎಂದು ಡಾಕ್ಟರ್ ಹಿರೇಮಠರನ್ನು ನಾನೇ ಬರಹೇಳಿದ್ದೆ. ಧಾರವಾಡದವರು, ಕಣ್ಣಿನ ಡಾಕ್ಟರು, ಕಾಶಿಯ ಆಸ್ಪತ್ರೆಯಲ್ಲಿ ಕೆಲಸ. ತಿಂಗಳಿಗೊಮ್ಮೆ ನಮ್ಮ ಮನೆಗೆ ಬಂದು ಹೊಟ್ಟೆ ತುಂಬ ಕನ್ನಡ ಮಾತಾಡಿ ಹೋಗುವವರು. ಅವರು ಹೊಸ್ತಿಲಲ್ಲಿ ನಿಂತು ನಮ್ಮ ನಾಲ್ವರನ್ನು ನೋಡಿದರು. 'ಏನ್ರೀ ರಾವ್ ಸಾಹೇಬ್ರ, ಕಚೇರಿ ತಗದೀರೋ, ದರೋಡಿಗೆ ಹೊಂಟೀರೋ?' ಎಂದು ನಗಲು ಶುರುಮಾಡಿದವರು, ಬಾಗಿಲ ಮೇಲಿನ ಹನ್ನೊಂದನೆಯ ನಿಯಮ ಓದಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದರು. ಅದೇ ಹೊತ್ತಿಗೆ ಮಿಶ್ರಾಜಿ ಕನ್ನಡಕದ ಕೆಳಗೆ ಬೆವೆತಿದ್ದ ಮುಖವನ್ನು ತೊಳೆದುಕೊಂಡು, ಕಣ್ಣು ಮುಚ್ಚಿಕೊಂಡೇ, ಮೊಳೆಯ ಕಡೆಗೆ ಕೈ ಚಾಚಿದರು.

'ಅಂಚೆಯವನು ಕಣ್ಣೊರೆಸಿದ ಟವೆಲ್ಲು!' ಎಂದು ನನ್ನ ಬಾಯಿಂದ ಹೊರಟಿತು. ಡಾಕ್ಟರರ ನಗು ಫಕ್ಕನೆ ನಿಂತಿತು. 'ಏ ನಿಂದರ್ರಿ! ಮುಟ್ಟಬ್ಯಾಡ್ರಿ ಅದನ್ನ!' ಎಂದು ಕೂಗಿದರು. ಅವಸರದಲ್ಲಿ ಅವರಿಗೂ ಕನ್ನಡವೇ ಬಂತು. ಕನ್ನಡದ ಒಂದಕ್ಷರ ತಿಳಿಯದ ಮಿಶ್ರಾಜಿ ಆ ಗರ್ಜನೆಗೇ ಬೆಚ್ಚಿ, ಕೈ ಚಾಚಿದಂತೆಯೇ ಕಲ್ಲಾಗಿ ನಿಂತರು. ಬೆರಳಿಗೂ ಟವೆಲಿಗೂ ನಡುವೆ ಒಂದು ಗೇಣು. ಅವರ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಭಾನುವಾರ ಬಾಗಿಲ ಬಳಿ ಕುಳಿತಿದ್ದ ಆ ಹೆಂಗಸಿನ ಮುಖ ನನ್ನ ಕಣ್ಣಿಗೆ ಕಟ್ಟಿತು. ರಾಮಧನಿ ಒಂದು ಕೋಲಿನಿಂದ ಆ ಟವೆಲನ್ನು ಎತ್ತಿ, ಸತ್ತ ಹಾವನ್ನು ಒಯ್ಯುವ ಹಾಗೆ ಹೊರಗೆ ಒಯ್ದು ಸುಟ್ಟ.

ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: 'ನೋಡಿದ್ರ ಬರಂಗಿಲ್ರೀ ಈ ಬ್ಯಾನಿ. ಮುಟ್ಟಿದ್ರ ಬರ್ತೈತಿ. ಒಬ್ಬರ ಕಣ್ಣೀರು ಇನ್ನೊಬ್ಬರ ಕೈಗೆ, ಆ ಕೈ ಅವರ ಕಣ್ಣಿಗೆ. ಇಷ್ಟ ಅದರ ಹಾದಿ. ಸಾಬಾಣ, ನೀರು, ತಮತಮಗ ಬ್ಯಾರೆ ಬ್ಯಾರೆ ಟಾವೆಲ್ಲು. ಕೆಂಪಾದವ್ರು ಮನ್ಯಾಗ. ಮುಗೀತು.' ಬಾಗಿಲ ಕಡೆ ಇನ್ನೊಮ್ಮೆ ನೋಡಿ, 'ಹದಿನಾಲ್ಕರಾಗ ಒಂದ ಖರೇ ಬರದೀರಿ. ಅದೂ ಆನಿ ಪಾಲಾತು' ಎಂದರು.

ಬಾಗಿಲಿನ ನಿಯಮಗಳ ಕಾಗದವನ್ನು ನಾನೇ ಹರಿದೆ. ಕೋಣೆಯ ನಾಲ್ಕು ಗೋಡೆಗೆ ನಾಲ್ಕು ಮೊಳೆ ಹೊಡೆಸಿ, ಒಬ್ಬೊಬ್ಬರಿಗೆ ಒಂದರಂತೆ ನಾಲ್ಕು ಬಣ್ಣದ ಗಮಛಾ, ಅಂದರೆ ತೆಳು ಟವೆಲು, ತೂಗುಹಾಕಿದೆವು. ಒಬ್ಬರ ಲೇಖನಿ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಹೊಸ್ತಿಲ ಆಚೆ ಒಂದು ಬಕೆಟ್ಟು, ಡಬ್ಬಿಯ ಮುಚ್ಚಳದಲ್ಲಿ ಸೋಪು. ಬಂದವರ ಕಣ್ಣು ನೋಡಿ, ಕೈಗೆ ನೀರು ಹೊಯ್ದು ಒಳಗೆ ಬಿಡುವ ಅಧಿಕಾರ ರಾಮಧನಿಗೆ. ಇಪ್ಪತ್ತು ವರ್ಷ 'ಜೀ ಹುಜೂರ್' ಎಂದ ಮನುಷ್ಯನ ಬೆನ್ನು ಒಂದೇ ದಿನದಲ್ಲಿ ನೆಟ್ಟಗಾಗುವುದನ್ನು ನಾನು ಕಂಡೆ. ಲೋಟ ಹಿಡಿದು ಬಾಗಿಲಲ್ಲಿ ನಿಂತರೆ ಕೋಟೆಯ ಕಾವಲಿನವನ ಹಾಗೆ. 'ಬೆರಳ ಸಂದಿ, ಬೆಹನ್‌ಜಿ, ಬೆರಳ ಸಂದಿ' ಎನ್ನುವನು. ಶಕುಂತಲಾ ಬೆಹನ್‌ಜಿ ತಮ್ಮ ಅತ್ತೆಯೂ ಹೀಗೆ ಕಾಡಿರಲಿಲ್ಲವೆಂದು ಗೊಣಗುತ್ತ ತೊಳೆಯುವರು.

ಒಂದು ದಿನ ಮುಖ್ಯ ಕಚೇರಿಯಿಂದ ಸಹಾಯಕ ರಿಜಿಸ್ಟ್ರಾರರೇ ನಮ್ಮ ಮುನ್ನೆಚ್ಚರಿಕೆಗಳನ್ನು ಪರೀಕ್ಷಿಸಲು ಬಂದರು. ಕಪ್ಪು ಕನ್ನಡಕ ಹಾಕಿದ್ದರು. 'ಚಸ್ಮಾ ಉತಾರೀಂ, ಹುಜೂರ್' ಎಂದ ರಾಮಧನಿ. ಅಷ್ಟು ದೊಡ್ಡವರಿಗೆ ಕನ್ನಡಕ ತೆಗೆಯಿರಿ ಎಂದು ಹೇಳಿದ್ದು ಒಳಗೆ ಕುಳಿತ ನನಗೆ ಕೇಳಿಸಿ ಬೆವರು ಕಿತ್ತುಕೊಂಡಿತು. ಅವರು ತೆಗೆದರು. ಒಳಗೆ ಎರಡು ದಾಸವಾಳದ ಹೂವು. 'ನಾ ಹೋಈ' ಎಂದ ರಾಮಧನಿ. ಆಗುವುದಿಲ್ಲ, ಅಷ್ಟೇ. ನಾನು ಕಿಟಕಿಗೆ ಓಡಿದೆ. ಅವರು ಬೇವಿನ ಮರದ ಕೆಳಗಿನಿಂದ, 'ರಾವ್, ಏನು ವ್ಯವಸ್ಥೆ ಮಾಡಿದ್ದೀರಿ?' ಎಂದು ಕೂಗಿ ಕೇಳಿದರು. 'ಈಗ ತಾವು ನೋಡಿದಿರಲ್ಲ ಸಾರ್, ಅದೇ' ಎಂದೆ. ಕೆಲಸ ಹೋಯಿತೆಂದುಕೊಂಡಿದ್ದೆ. ಅವರ ವರದಿ ಬಂದಾಗ ಅದರಲ್ಲಿ ಒಂದೇ ಸಾಲು: 'ವ್ಯವಸ್ಥೆ ಬಹಳ ಕಟ್ಟುನಿಟ್ಟಾಗಿದೆ, ನಾನೇ ಒಳಗೆ ಹೋಗಲಾಗಲಿಲ್ಲ.' ಅದನ್ನು ಓದಿ ಹೇಳಿದಾಗ ರಾಮಧನಿ ಅರ್ಧ ದಿನ ಎಲೆಯಡಿಕೆ ಹಾಕಿಕೊಳ್ಳಲೇ ಇಲ್ಲ. ನಗುವನ್ನು ಬಾಯಲ್ಲಿಟ್ಟುಕೊಂಡಿದ್ದರಿಂದ ಜಾಗವಿರಲಿಲ್ಲ.

ಮಿಶ್ರಾಜಿ ಬರೆಯುತ್ತ ಬಂದರು. ನವಮಿಗೆ ಎರಡು ದಿನವಿದೆ ಎನ್ನುವಾಗ ಬರವಣಿಗೆ ಮುಗಿಯಿತು. ಇನ್ನು ಉಳಿದದ್ದು ತಾಳೆ ನೋಡುವುದು. ಅವರು ಮೂಲವನ್ನು ಗಟ್ಟಿಯಾಗಿ ಓದಬೇಕು, ನಾನು ನಕಲನ್ನು ಹಿಡಿದು ತಪ್ಪು ತಿದ್ದಬೇಕು. ಕೊನೆಯ ನಲವತ್ತು ಹಾಳೆ, ಒಂದೇ ದಿನ. ಆ ಬೆಳಿಗ್ಗೆ ನಾನು ಎದ್ದು ತಿಂಡಿಗೆ ಕುಳಿತಾಗ ನನ್ನ ಮಗಳು ಮಂಗಳಾ ನನ್ನ ಮುಖ ನೋಡಿ, 'ಅಪ್ಪಾ, ನಿಮ್ಮ ಏಕ್ ಆಂಖ್ ಪೂರಾ ಟಮಾಟರ್ ಆಗಿದೆ' ಎಂದಳು. ಕಾಶಿಯಲ್ಲಿ ಹುಟ್ಟಿದ ಮಗು, ಅದರ ಕನ್ನಡವೇ ಹಾಗೆ.

'ಸೋಪು ಹೋಗಿರಬೇಕು' ಎಂದೆ.

'ಸೋಪು ಹೋದರೆ ರೆಪ್ಪೆ ಅಂಟಿಕೊಳ್ಳುತ್ತಾ?' ಎಂದಳು ಕಮಲ. 'ರೀ, ಸುಮ್ಮನೆ ಮಲಗಿ. ಹಿರೇಮಠರಿಗೆ ಹೇಳಿಕಳಿಸುತ್ತೇನೆ.'

ಮಲಗಬೇಕಿತ್ತು. ಆದರೆ ಮುಖ್ಯಸ್ಥನ ಕಣ್ಣು ಬೇರೆಯವರ ಕಣ್ಣಿನಂಥದಲ್ಲ ಎಂದು ನನ್ನ ಮನಸ್ಸು ಹೇಳಿತು. ನಾನು ಯಾವುದನ್ನೂ ಮುಟ್ಟುವುದಿಲ್ಲ, ದೂರ ಕೂರುತ್ತೇನೆ, ಒಂದೇ ದಿನದ ಮಾತು, ನಾನಿಲ್ಲದಿದ್ದರೆ ತಾಳೆ ನೋಡುವವರು ಯಾರು? ಹೀಗೆ ನೂರು ಕಾರಣ ಕೊಟ್ಟುಕೊಂಡೆ. ನನ್ನ ಬದುಕಿನಲ್ಲಿ ನಾನು ಹೆಚ್ಚು ನಾಚಿಕೊಳ್ಳುವ ಗಳಿಗೆಗಳಲ್ಲಿ ಅದೊಂದು. ಪೆಟ್ಟಿಗೆಯ ತಳದಲ್ಲಿದ್ದ ಕಪ್ಪು ಕನ್ನಡಕ ಹುಡುಕಿ ಹಾಕಿಕೊಂಡೆ. ಉರಿಗೆ ಮುಖ ಮುಟ್ಟಲಾಗದೆ ಕ್ಷೌರವನ್ನೂ ಮಾಡಿಕೊಂಡಿರಲಿಲ್ಲ. ಬಿಸಿಲು ಚುಚ್ಚುತ್ತದೆಂದು ಪಂಚೆಯ ಮೇಲೆ ಹೊದ್ದ ಶಾಲನ್ನೇ ತಲೆಗೂ ಎಳೆದುಕೊಂಡು ಹೊರಟೆ.

'ಚಸ್ಮಾ, ಹುಜೂರ್' ಎಂದ ರಾಮಧನಿ, ಲೋಟ ಹಿಡಿದು.

'ನಾನು, ರಾಮಧನಿ.'

'ಗೊತ್ತು ಹುಜೂರ್. ಚಸ್ಮಾ.'

'ಬಿಸಿಲಿಗೆ ಹಾಕಿದ್ದೇನೆ. ದಾರಿ ಬಿಡು, ಹೊತ್ತಾಯಿತು.'

'ಹುಜೂರ್, ಮೊನ್ನೆ ಅಷ್ಟು ದೊಡ್ಡ ಸಾಹೇಬರಿಗೇ ಆಗುವುದಿಲ್ಲ ಎಂದೆ. ಇವತ್ತು ನಿಮ್ಮನ್ನು ಬಿಟ್ಟರೆ ನಾಳೆ ಅವರಿಗೆ ಯಾವ ಮುಖ ತೋರಿಸಲಿ?' ಎಂದ. ನನ್ನ ಮುಖ ಗಂಟಿಕ್ಕಿದ್ದನ್ನು ಕಂಡು ಅವನ ದನಿ ಇಳಿಯಿತು. ಹಿಂದಕ್ಕೊಮ್ಮೆ ಕಣ್ಣು ಹಾಯಿಸಿ, 'ಪಂಡಿತ್‌ಜೀ ಭೀತರ್ ಬೈಠಲ್ ಬಾಡನ್' ಎಂದ.

ಪಂಡಿತರು, ಎಂದರೆ ಮಿಶ್ರಾಜಿ, ಒಳಗೆ ಕೂತಿದ್ದಾರೆ. ಅಷ್ಟೇ. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಕನ್ನಡಕ ತೆಗೆದೆ. ರಾಮಧನಿ ನೋಡಿ, 'ಅರೇ ರಾಮ' ಎಂದು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಆಮೇಲೆ ನನಗಾಗಿ ಬೇವಿನ ಮರದ ಕಟ್ಟೆಯನ್ನು ಗುಡಿಸಿಕೊಟ್ಟ.

ಕೆಲಸ ನಿಲ್ಲುವ ಹಾಗಿರಲಿಲ್ಲ. ಮಿಶ್ರಾಜಿ ಕಿಟಕಿಯ ಒಳಗೆ ಮೂಲ ಹಿಡಿದು ಕುಳಿತರು. ನಕಲು ಹಿಡಿದವರು ಶಕುಂತಲಾ ಬೆಹನ್‌ಜಿ. ಅವರಿಗೆ ಸಂಸ್ಕೃತ ಬಾರದು, ಅಕ್ಷರ ಬರುತ್ತದೆ. ಮೂಲಕ್ಕೂ ನಕಲಿಗೂ ವ್ಯತ್ಯಾಸ ಕಂಡರೆ ಅವರು 'ರುಕಿಯೇ', ಅಂದರೆ ನಿಲ್ಲಿ, ಎನ್ನಬೇಕು, ಯಾವುದು ಸರಿಯೆಂದು ನಾನು ಕಟ್ಟೆಯ ಮೇಲಿನಿಂದ ಕೂಗಿ ಹೇಳಬೇಕು. ಮಿಶ್ರಾಜಿಯ ಶಾರೀರ ದೊಡ್ಡದು. ಕುದುರೆಯ ಕೆಮ್ಮಿನ ಅಧ್ಯಾಯ ಶುರುವಾಯಿತು. ನಾನು ಉರಿಯುವ ಕಣ್ಣು ಮುಚ್ಚಿ, ತಲೆಯ ಮೇಲೆ ಶಾಲು ಹೊದ್ದು, ಚಕ್ಕಂಬಕ್ಕಲ ಹಾಕಿ ಕೇಳುತ್ತ ಕುಳಿತೆ.

ಕಾಶಿಯ ಗಲ್ಲಿಯಲ್ಲಿ ಶ್ಲೋಕ ಕೇಳಿಸಿ, ಮರದ ಕೆಳಗೆ ಗಡ್ಡ ಬೆಳೆದವನೊಬ್ಬ ಕಣ್ಣು ಮುಚ್ಚಿ ಕುಳಿತಿದ್ದರೆ ಏನಾಗಬೇಕೋ ಅದೇ ಆಯಿತು. ನಾನು ಒಮ್ಮೆ ಕಣ್ಣು ಬಿಟ್ಟು ನೋಡುತ್ತೇನೆ, ಎದುರಿಗೆ ಏಳೆಂಟು ಜನ ಕೈ ಮುಗಿದು ಕುಳಿತಿದ್ದಾರೆ. ಹರಿಶ್ಚಂದ್ರ ಘಾಟಿನಿಂದ ಹಿಂದಿರುಗುತ್ತಿದ್ದ ಇಬ್ಬರು ವೃದ್ಧರು, ತರಕಾರಿ ಬುಟ್ಟಿಯ ಹೆಂಗಸು, ಯಾರೋ ಯಾತ್ರಿಕರು. ನನ್ನ ಕಣ್ಣಿನ ಕೆಂಪು ಕಂಡು ಒಬ್ಬ ಪಕ್ಕದವನಿಗೆ, 'ನೋಡು, ಎಷ್ಟು ತಪಸ್ಸಿರಬೇಕು' ಎಂದ. ಮುದುಕಿಯೊಬ್ಬಳು ಚೆಂಡುಹೂವು, ಎರಡು ಬಾಳೆಹಣ್ಣು ತಂದು ಕಾಲಿಗೆ ಬೀಳಲು ಬಂದಳು. ನಾನು ಗಾಬರಿಯಿಂದ, 'ಮುಟ್ಟಬೇಡ ತಾಯಿ, ಮುಟ್ಟಬೇಡ, ದೂರ, ದೂರ!' ಎಂದೆ. ಎಂಥ ಮಡಿಯ ಸಾಧುವಪ್ಪಾ ಎಂದು ಅವಳ ಭಕ್ತಿ ಇಮ್ಮಡಿಯಾಯಿತು. ಹೂವು, ಹಣ್ಣನ್ನು ದೂರದಲ್ಲೇ ಇಟ್ಟು ಕುಳಿತಳು.

ಮಧ್ಯಾಹ್ನದ ಹೊತ್ತಿಗೆ ಬೆಹನ್‌ಜಿ 'ರುಕಿಯೇ!' ಎಂದರು. ಸೊರಗಿದ ಕುದುರೆಗೆ ಬೇಯಿಸಿ ಹಾಕಬೇಕಾದದ್ದು ಏನೆಂಬಲ್ಲಿ ತಕರಾರು. ಮೂಲದಲ್ಲಿ 'ಮಾಷ', ಅಂದರೆ ಉದ್ದು. ನಕಲಿನಲ್ಲಿ ಮಿಶ್ರಾಜಿಯ ಕೈ ಜಾರಿ 'ಮಾಂಸ' ಆಗಿತ್ತು. ನಾನು ಕಟ್ಟೆಯ ಮೇಲೆ ಎದ್ದು ನಿಂತು, ಎರಡೂ ಕೈ ಎತ್ತಿ, 'ಮಾಂಸ ನಹೀಂ! ಮಾಂಸ ಕಭೀ ನಹೀಂ! ಉಡದ್! ಉಡದ್!' ಎಂದು ಕೂಗಿದೆ. ಜನ ಮೈಮರೆತರು. 'ಸತ್ಯವಚನ್, ಮಹಾರಾಜ್' ಎಂದು ಒಬ್ಬ ಗದ್ಗದನಾದ. ಕಟ್ಟುಮಸ್ತಾದ ಒಬ್ಬ ಮನುಷ್ಯ ಎದ್ದು ಬಂದು, ಇವತ್ತಿನಿಂದ ಬಿಟ್ಟೆ ಎಂದು ಮರದ ಮುಂದೆ ಪ್ರತಿಜ್ಞೆ ಮಾಡಿದ. ಕಿಟಕಿಯ ಒಳಗಿನಿಂದ ಬೆಹನ್‌ಜಿಯ ನಗು ತಡೆಯಲಾರದೆ ಉಸಿರು ಸಿಕ್ಕಿಕೊಂಡ ಸದ್ದು ಬರುತ್ತಿತ್ತು. ಮಿಶ್ರಾಜಿ ಮಾತ್ರ ಮುಖ ಗಂಭೀರವಾಗಿಟ್ಟುಕೊಂಡು ಕುದುರೆಯ ಅಜೀರ್ಣಕ್ಕೆ ಮುಂದುವರಿದರು.

ಬಿಸಿಲು ಮರದಿಂದ ಗೋಡೆಗೆ, ಗೋಡೆಯಿಂದ ಮಾಳಿಗೆಗೆ ಏರುವಷ್ಟರಲ್ಲಿ ಕೊನೆಯ ಹಾಳೆ ಮುಗಿಯಿತು. ಮಿಶ್ರಾಜಿ ಕಿಟಕಿಗೆ ಬಂದು ನಿಂತರು. ನಮ್ಮ ನಡುವೆ ಮೂರು ಮಾರು. ಅವರ ಆ ಒಂದು ಕಣ್ಣು, ದಿನವಿಡೀ ಓದಿ ದಣಿದಿದ್ದರೂ, ತೊಳೆದ ಶಂಖದ ಹಾಗೆ ಬೆಳ್ಳಗಿತ್ತು. ನನಗೆ ಕೈ ಮುಗಿದರು. ನಾನೂ ಮುಗಿದೆ. ಮಾತಾಡಲು ಹೋಗಿದ್ದರೆ ನನ್ನ ಕಣ್ಣಲ್ಲಿ ನೀರು ಬರುತ್ತಿದ್ದದ್ದು ಬೇನೆಯಿಂದ ಮಾತ್ರವಲ್ಲ ಎಂದು ಅವರಿಗೆ ತಿಳಿದುಬಿಡುತ್ತಿತ್ತು.

ಮರುದಿನ ಅವರೂ ರಾಮಧನಿಯೂ ಟಾಂಗಾದಲ್ಲಿ ಸೇತುವೆ ದಾಟಿ ರಾಮನಗರಕ್ಕೆ ಹೋಗಿ ಗ್ರಂಥ ಒಪ್ಪಿಸಿ ಬಂದರು. ನಾನು ಹತ್ತು ದಿನ ಮನೆಯ ಒಳಕೋಣೆಯಲ್ಲಿ ಬಿದ್ದಿದ್ದೆ. ಡಾಕ್ಟರು ಬಂದು, ನಿಮಗೆ ಹೆಂಗ ಬಂತ್ರೀ ಎಂದು ಕೇಳುತ್ತ ಕುಳಿತವರು, ನಾನು ಯೋಚಿಸುವಾಗೆಲ್ಲ ಕೈಯಿಂದ ಕಣ್ಣುಜ್ಜಿಕೊಳ್ಳುವುದನ್ನು ಎರಡು ನಿಮಿಷ ನೋಡಿ, 'ತಿಳೀತು ಬಿಡ್ರಿ' ಎಂದರು. ಮಿ‌ಶ್ರಾಜಿಯ ಹೆಂಡತಿ ಒಂದು ಪೊಟ್ಟಣ ಪೇಡಾ ಕಳಿಸಿ, 'ನಮ್ಮ ಮನೆಯ ಒಂದನ್ನು ಕಾಯಲು ಭಯ್ಯಾ ತಮ್ಮ ಎರಡನ್ನೂ ಒಡ್ಡಿದರು' ಎಂದು ಹೇಳಿಕಳಿಸಿದರು. ಅದು ಶುದ್ಧ ಸುಳ್ಳು, ಕಾದವನು ರಾಮಧನಿ ಎಂದು ಕಮಲಳಿಗೆ ಹೇಳಿದೆ. 'ಹಾಗಾದರೆ ಪೇಡಾ ಅವನಿಗೇ ಕಳಿಸೋಣವಾ?' ಎಂದಳು. ಅರ್ಧ ಕಳಿಸಿದೆವು.

ಕಚೇರಿಗೆ ಹಿಂದಿರುಗಿದ ದಿನ ರಾಮಧನಿ ನನ್ನ ರೆಪ್ಪೆ ಎತ್ತಿಸಿ ನೋಡಿ, ಕೈಗೆ ನೀರು ಹೊಯ್ದು ಒಳಗೆ ಬಿಟ್ಟ. ನಮ್ಮಲ್ಲಿ ನನ್ನೊಬ್ಬನನ್ನು ಬಿಟ್ಟು ಇನ್ನಾರಿಗೂ ಬೇನೆ ಬಂದಿರಲಿಲ್ಲ. ಮೇಜಿನ ಮೇಲೆ ನಕಲಿನ ಕಟ್ಟು ನನ್ನ ಸಹಿಗಾಗಿ ಕಾದಿತ್ತು. ಸಹಿಯಾದರೆ ಅದು ದೊಡ್ಡ ಗ್ರಂಥಾಲಯಕ್ಕೆ ಹೋಗಿ ನೂರಾರು ವರ್ಷ ಅಲ್ಲಿರುತ್ತದೆ. ಬರೆದವರು ಯಾರು, ಎಲ್ಲಿ, ತಿದ್ದಿದವರು ಯಾರು ಎಂದು ಕೊನೆಯ ಹಾಳೆಯಲ್ಲಿ ಹಾಕುವುದು ಹಳೆಯ ಪದ್ಧತಿ. ಮಿಶ್ರಾಜಿ ಅದನ್ನು ಬಿಟ್ಟಿರಲಿಲ್ಲ. ಅವರ ಮುತ್ತಿನಂಥ ಅಕ್ಷರದಲ್ಲಿ ಹೀಗಿತ್ತು: 'ವೃಕ್ಷಮೂಲಸ್ಥಿತೇನೇದಂ ರಕ್ತಾಕ್ಷೇಣ ವಿಶೋಧಿತಮ್.' ಮರದ ಬುಡದಲ್ಲಿ ಕುಳಿತಿದ್ದ ಕೆಂಗಣ್ಣಿನವನು ತಿದ್ದಿದ್ದು.

'ಮಿಶ್ರಾಜಿ, ಇದೇನಿದು? ನನ್ನ ಹೆಸರಾದರೂ ಹಾಕಬಾರದಿತ್ತೇ?' ಎಂದೆ.

'ಛಂದಸ್ಸಿಗೆ ಒಗ್ಗಲಿಲ್ಲ ರಾವ್ ಸಾಹಬ್' ಎಂದರು ಅವರು, ನನ್ನ ಕಿವಿಯನ್ನು ನೋಡುತ್ತ. 'ಆದರೆ ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ.'

ಇರಲಿಲ್ಲ. ಮುಂದೆಂದೋ ಒಬ್ಬ ವಿದ್ವಾಂಸ ಇದನ್ನು ಓದುತ್ತಾನೆ. ಅವಸರದವನಾದರೆ ಇದು ರಕ್ತಾಕ್ಷಿ ಸಂವತ್ಸರದ ಪ್ರತಿಯೆಂದು ಬರೆದು ಕೈ ತೊಳೆದುಕೊಳ್ಳುತ್ತಾನೆ. ಸ್ವಲ್ಪ ಕಲ್ಪನೆಯಿದ್ದವನಾದರೆ, ಕಾಶಿಯ ಮರವೊಂದರ ಬುಡದಲ್ಲಿ ರಕ್ತಾಕ್ಷನೆಂಬ ಮಹಾಯೋಗಿ ಇದ್ದನೆಂದೂ, ಸಕಲವನ್ನೂ ತ್ಯಜಿಸಿದ ಅವನಿಗೆ ಕುದುರೆಯ ಕೆಮ್ಮಿನ ಮೇಲೆ ಮಾತ್ರ ಅಪಾರ ಕರುಣೆಯಿತ್ತೆಂದೂ ಪ್ರಬಂಧ ಬರೆಯುತ್ತಾನೆ. ಅಳಿಸಿ ಬೇರೆ ಬರೆಯಿರಿ ಎನ್ನಲು ಬಾಯಿ ತೆರೆದೆ. ಸಾಮಾನ್ಯ ನೌಕರನಾಗಿ ನಿವೃತ್ತನಾಗಲಿರುವವನನ್ನು ಪುಕ್ಕಟೆಯಾಗಿ ಯೋಗಿ ಮಾಡುವವರು ಪ್ರತಿದಿನ ಸಿಗುತ್ತಾರೆಯೇ? ಬಾಯಿ ಮುಚ್ಚಿ, ನನ್ನದೇ ಪೆನ್ನಿನಿಂದ ಸಹಿ ಹಾಕಿದೆ.